ಏಳು ಮಸಾಲೆ, ಒಂದು ಹಲ್ಲುನೋವು

ಈಗಷ್ಟೇ ಒಂದು ಕ್ರಾಫ್ಟ್ ಬಿಯರ್ (ಸಣ್ಣ ತಯಾರಕರ ಬಿಯರ್) ಮುಗಿಸಿ ಬರೆಯುತ್ತಿದ್ದೇನೆ. ಮುಗಿಸಿದೆ ಎನ್ನುವುದು ಅರ್ಧ ಸುಳ್ಳು. ಮೂರನೇ ಒಂದು ಪಾಲು ಇನ್ನೂ ಲೋಟದಲ್ಲಿ ನನ್ನನ್ನೇ ನೋಡುತ್ತಾ ಕುಳಿತಿದೆ.

ಕ್ರಿಸ್‌ಮಸ್ ಕಾಲದ ವಿಶೇಷ ತಯಾರಿಕೆಯಂತೆ. ಲೇಬಲ್ಲಿನ ಮೇಲೆ ಹಿಮ, ಗಂಟೆ, ಜೊತೆಗೆ ಏಳು ಮಸಾಲೆಗಳ ಹಾಜರಿಪಟ್ಟಿ: ದಾಲ್ಚಿನ್ನಿ, ಲವಂಗ, ಜಾಯಿಕಾಯಿ, ಶುಂಠಿ, ಏಲಕ್ಕಿ, ಚಕ್ರಮೊಗ್ಗು, ಕಿತ್ತಳೆ ಸಿಪ್ಪೆ. ಏಳರಲ್ಲಿ ಆರು ರಜೆಯ ಮೇಲಿದ್ದವು. ಕೆಲಸಕ್ಕೆ ಬಂದಿದ್ದು ಲವಂಗ ಮಾತ್ರ, ಉಳಿದವರ ಪಾಳಿಯನ್ನೂ ಅದೇ ಮಾಡಿತ್ತು. ಎರಡನೇ ಗುಟುಕಿಗೆ ನಾಲಿಗೆಯ ತುದಿ ಜೋಮು ಹಿಡಿಯಿತು. ಲವಂಗದೊಳಗಿನ ಯೂಜೆನಾಲ್ ಎಂಬ ಅಂಶ ಮಾಡುವ ಕೆಲಸವೇ ಅದು, ಹಲ್ಲಿನ ವೈದ್ಯರು ಅದನ್ನು ಇಟ್ಟುಕೊಳ್ಳುವುದೂ ಅದಕ್ಕಾಗಿಯೇ. ನಾನು ಹೋಗಿದ್ದು ಬಿಯರಿಗೆ, ಸಿಕ್ಕಿದ್ದು ಚಿಕಿತ್ಸೆ.

ಮನೆಯಲ್ಲಿ ಬಿಯರ್ ಕುದಿಸಿ ಅಡುಗೆಮನೆ ಹಾಳುಮಾಡುವ ನನ್ನ ಚಟ ನಿಮಗೆಲ್ಲ ಗೊತ್ತಿರುವುದೇ. ಹಾಗಾಗಿ ಮಸಾಲೆಯ ವೈರಿ ಎಂದು ಹಣೆಪಟ್ಟಿ ಹಚ್ಚಬೇಡಿ. ಯುರೋಪಿನಲ್ಲಿ ಹಾಪ್ಸ್ (ಬಿಯರಿಗೆ ಕಹಿ ಕೊಡುವ ಬಳ್ಳಿಯ ಹೂ) ಬೇರೂರುವ ಮೊದಲು ಬಿಯರಿಗೆ ರುಚಿ ಕೊಡುತ್ತಿದ್ದುದೇ ಬಗೆಬಗೆಯ ಸೊಪ್ಪು ಸದೆಗಳು. 1516ರಲ್ಲಿ ಜರ್ಮನಿಯ ಬವೇರಿಯಾದವರು ಬಾರ್ಲಿ, ಹಾಪ್ಸ್, ನೀರು ಇಷ್ಟೇ ಸಾಕು ಎಂದು ಕಾನೂನು ಮಾಡಿದರು. ಬೆಲ್ಜಿಯಂನವರಿಗೆ ಆ ಕಟ್ಟು ಇರಲಿಲ್ಲ. ಅಲ್ಲಿನ ಹೂಗಾರ್ಡನ್ ಊರಿನಲ್ಲಿ ಅಳಿದುಹೋಗಿದ್ದ ಬಿಳಿ ಬಿಯರನ್ನು ಪಿಯೆರ್ ಸೆಲಿಸ್ ಎಂಬುವರು 1966ರಲ್ಲಿ ಮತ್ತೆ ತಯಾರಿಸತೊಡಗಿದರು. ಅದರಲ್ಲಿ ಕೊತ್ತಂಬರಿ ಬೀಜವಿದೆ, ಕಿತ್ತಳೆ ಸಿಪ್ಪೆಯಿದೆ. ಕುಡಿಯುವಾಗ ಮಾತ್ರ ಇದು ಕೊತ್ತಂಬರಿ ಎಂದು ಬೆರಳು ಮಾಡಿ ತೋರಿಸಲಾಗುವುದಿಲ್ಲ. ಏನೋ ತಿಳಿಯಾಗಿದೆ, ಹಗುರಾಗಿದೆ ಅನ್ನಿಸುತ್ತದೆ, ಅಷ್ಟೇ.

ಇನ್ನೊಂದು ತಮಾಷೆ ಕೇಳಿ. ಅದೇ ಕಟ್ಟುನಿಟ್ಟಿನ ಬವೇರಿಯಾದಲ್ಲಿ ಆಮೇಲೆ ವಿನಾಯಿತಿ ಪಡೆದ ಗೋಧಿ ಬಿಯರಿನಲ್ಲಿ ಸೊಗಸಾದ ಲವಂಗದ ಪರಿಮಳವಿರುತ್ತದೆ. ಅದಕ್ಕೆ ಒಂದು ಲವಂಗವನ್ನೂ ಹಾಕಿರುವುದಿಲ್ಲ. ಅಲ್ಲಿ ಬಳಸುವ ಯೀಸ್ಟ್, ಹುದುಗುವಾಗ ತಾನೇ ಆ ವಾಸನೆಯನ್ನು ಹುಟ್ಟಿಸುತ್ತದೆ. ಅವರು ಹಾಕದೆಯೇ ಲವಂಗ ಬರಿಸುತ್ತಾರೆ, ನನ್ನ ಲೋಟದ ಬಿಯರ್ ಮಾಡಿದವರು ಹಾಕಿ ಹಾಕಿ ಬಿಯರನ್ನೇ ಓಡಿಸಿದ್ದಾರೆ.

'ಹಬ್ಬಕ್ಕೊಮ್ಮೆ ಕುಡಿಯುವುದಕ್ಕೆ ಇಷ್ಟೊಂದು ತಕರಾರೇ? ಚಳಿಯಲ್ಲಿ ಮೈ ಬೆಚ್ಚಗಾದರೆ ಸಾಲದೇ?' ಎಂದು ಯಾರಾದರೂ ಕೇಳಿಯೇ ಕೇಳುತ್ತೀರಿ. ಒಪ್ಪಿದೆ. ಇಂಗ್ಲೆಂಡಿನ ಹಳಬರು ಬಿಯರನ್ನು ಬಿಸಿಮಾಡಿ, ಜಾಯಿಕಾಯಿ, ಶುಂಠಿ, ಸಕ್ಕರೆ ಬೆರೆಸಿ, ಸುಟ್ಟ ಸೇಬು ತೇಲಿಬಿಟ್ಟು ಕುಡಿಯುತ್ತಿದ್ದರು. ಅದು ಪಾನಕದ ಜಾತಿ, ತಾನು ಪಾನಕವೆಂದು ಮುಚ್ಚಿಡುವುದೂ ಇಲ್ಲ. ಮೈ ಬೆಚ್ಚಗಾಗಲು ಮಸಾಲೆಯೇ ಬೇಕೆಂದೂ ಇಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಈಗ ಆಸ್ಟ್ರಿಯಾದಲ್ಲಿ ತಯಾರಾಗುವ ಸಾಮಿಕ್ಲೌಸ್ ಎಂಬ ಬಿಯರನ್ನು ವರ್ಷಕ್ಕೊಮ್ಮೆ, ಸಂತ ನಿಕೋಲಸ್ ಹಬ್ಬದ ದಿನವಾದ ಡಿಸೆಂಬರ್ 6ರಂದು ಕುದಿಸುತ್ತಾರೆ. ಶೇಕಡಾ 14ರಷ್ಟು ಆಲ್ಕೋಹಾಲ್, ತಿಂಗಳುಗಟ್ಟಲೆ ಮಾಗುವಿಕೆ. ಮಸಾಲೆ ಇಲ್ಲವೇ ಇಲ್ಲ. ಒಣದ್ರಾಕ್ಷಿಯಂಥ ಆ ರುಚಿಯೆಲ್ಲ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಮತ್ತು ತಾಳ್ಮೆಯಿಂದ ಬಂದದ್ದು. ಆದ್ದರಿಂದ ಹಬ್ಬದ ಹೆಸರು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ.

ಸರಿ, ನನ್ನ ಪಾಪವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕಮೆಂಟಿನಲ್ಲಿ ನೀವೇ ಹೇಳುತ್ತೀರಿ. ಮಸಾಲೆಯನ್ನು ಕುದಿತದ ಕೊನೆಯ ಐದು ನಿಮಿಷದಲ್ಲಿ ಹಾಕಬೇಕು, ಇಲ್ಲವೇ ಮದ್ಯದಲ್ಲಿ ನೆನೆಸಿಟ್ಟು, ಬಿಯರ್ ಹುದುಗಿದ ಮೇಲೆ ಹನಿಹನಿಯಾಗಿ ರುಚಿ ನೋಡುತ್ತಾ ಬೆರೆಸಬೇಕು. ನಾನೊಮ್ಮೆ ಮೊದಲ ಕುದಿಗೇ ಒಂದು ಹಿಡಿ ಲವಂಗ ಸುರಿದಿದ್ದೆ. ಇಪ್ಪತ್ತು ಲೀಟರ್. 'ದಿನ ಕಳೆದಂತೆ ಸರಿಹೋಗುತ್ತದೆ' ಎಂದು ನಿಮ್ಮಲ್ಲಿ ನಾಲ್ವರಿಗೆ ಕುಡಿಸಿಯೂ ಇದ್ದೆ. ನೀವು ಮರ್ಯಾದಸ್ಥರು, ಮುಖ ಹಿಂಡಲಿಲ್ಲ, ಎರಡನೇ ಲೋಟವನ್ನೂ ಕೇಳಲಿಲ್ಲ. ಆದರೆ ನಾನು ಅದಕ್ಕೆ ಹಿಮ, ಗಂಟೆಗಳ ಲೇಬಲ್ ಅಂಟಿಸಿ ಮಾರಲು ಹೋಗಲಿಲ್ಲವಲ್ಲ!

ಇಷ್ಟು ಬರೆಯುವಷ್ಟರಲ್ಲಿ ಲೋಟದ ತಂಪು ಇಳಿದಿತ್ತು. ಚೆಲ್ಲುವ ಮುನ್ನ ಕೊನೆಯ ಬಾರಿಗೆ ಮೂಸಿದೆ. ತಣ್ಣಗಿದ್ದಾಗ ಅಡಗಿದ್ದ ಮಾಲ್ಟ್ ಈಗ ಮೆಲ್ಲಗೆ ಮೇಲೆ ಬಂದಿತ್ತು. ಸುಟ್ಟ ಸಕ್ಕರೆ, ಚೂರು ಕೋಕೋ, ಹುರಿದ ಧಾನ್ಯದ ಘಮ. ಆ ಲವಂಗದ ರಾಶಿಯ ಕೆಳಗೆ ಯಾರೋ ಬಲ್ಲವರು ಕುದಿಸಿದ ಒಳ್ಳೆಯ ಕಪ್ಪು ಬಿಯರ್ ಇತ್ತು. ಅದಕ್ಕೇ ಸಿಟ್ಟು ಇಮ್ಮಡಿಯಾಗಿದೆ.