ಪಹಣಿ ಇಲ್ಲದ ಎತ್ತರ

ಬೆಂಗಳೂರಿನಿಂದ ಲೇಹ್‌ಗೆ ರಸ್ತೆಯಲ್ಲಿ ಮೂರು ಸಾವಿರ ಕಿಲೋಮೀಟರಿಗೂ ಜಾಸ್ತಿ. ಕೆಎ ನಂಬರಿನ ಕಾರು, ಬಾನೆಟ್ ಮೇಲೆ ಕನ್ನಡ ಬಾವುಟ, ಒಳಗೆ ಹೆಂಡತಿ, ಇಬ್ಬರು ಮಕ್ಕಳು, ಅತ್ತೆ, ಮಾವ, ಎರಡು ಡಬ್ಬಿ ಚಟ್ನಿಪುಡಿ. ಇಷ್ಟು ದೂರ ಹೋಗಿದ್ದು ಬೆಟ್ಟ ನೋಡಲಿಕ್ಕೆ ಅಂದುಕೊಂಡಿರಾ? ಅಲ್ಲ. ಒಂದು ಬೋರ್ಡು ನೋಡಲಿಕ್ಕೆ.

ಬೋರ್ಡು ಇರುವುದು ಖರ್ದುಂಗ್ ಲಾದಲ್ಲಿ. ಲಡಾಖಿನಲ್ಲಿ 'ಲಾ' ಅಂದರೇನೇ ಘಟ್ಟ ದಾಟುವ ದಾರಿ. ನಾವು ಅದಕ್ಕೆ 'ಪಾಸ್' ಕೂಡ ಸೇರಿಸಿ 'ಖರ್ದುಂಗ್ ಲಾ ಪಾಸ್' ಅನ್ನುತ್ತೇವೆ, ನಡು ಸೆಂಟರ್ ಅಂದ ಹಾಗೆ. ಜಗತ್ತಿನಲ್ಲೇ ಅತಿ ಎತ್ತರದ ವಾಹನ ರಸ್ತೆ, 18,380 ಅಡಿ ಎಂದು ಅಲ್ಲಿ ವರ್ಷಗಟ್ಟಲೆ ಬರೆದಿತ್ತು. ಲೇಹ್ ಅಂಗಡಿಗಳ ಟೀ ಶರ್ಟು, ಮಗ್ಗು, ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ಟು, ಎಲ್ಲದರ ಮೇಲೂ ಅದೇ ಲೆಕ್ಕ.

ಜಿಪಿಎಸ್ ಹಿಡಿದು ಅಳೆದರೆ ಮಾತ್ರ 5,359 ಮೀಟರ್. ಅಂದರೆ 17,582 ಅಡಿ. ಮಿಕ್ಕ 800 ಅಡಿ ಎಲ್ಲಿಂದ ಬಂತು? ಮದುವೆ ಬ್ರೋಕರ್ ಹುಡುಗನ ಸಂಬಳ ಹೇಳುವಾಗ ಎಲ್ಲಿಂದ ಬರುತ್ತದೋ ಅಲ್ಲಿಂದಲೇ.

ನಮ್ಮ ಮಾವ ರಿಟೈರ್ಡ್ ಸರ್ವೇಯರ್. ಅಳತೆ ತಪ್ಪಿದರೆ ಅವರಿಗೆ ಊಟ ಸೇರುವುದಿಲ್ಲ. ಮನಾಲಿ ಕಡೆಯಿಂದ ಬರುವಾಗ ತಂಗ್ಲಂಗ್ ಲಾದ ಬೋರ್ಡು ನೋಡಿಯೇ ಕಾರು ನಿಲ್ಲಿಸಿ ಅಂದಿದ್ದರು. ಅದರ ಮೇಲೆ 'ಜಗತ್ತಿನ ಎರಡನೇ ಅತಿ ಎತ್ತರ' ಎಂಬ ಬಿರುದು, ಜೊತೆಗೆ 17,582 ಅಡಿ. ಅಲ್ಲಾ, ಅದು ಖರ್ದುಂಗ್ ಲಾದ ನಿಜವಾದ ಎತ್ತರ ಅಲ್ವಾ! ತಂಗ್ಲಂಗ್ ಲಾ ಇರುವುದು 17,480ರ ಆಸುಪಾಸು.

"ಅಳಿಯಂದಿರೇ, ಇದು ಶುದ್ಧ ಒತ್ತುವರಿ" ಅಂದರು ಮಾವ. "ಇವನು ಪಕ್ಕದವನ ಜಾಗ ಹೊಡೆದಿದ್ದಾನೆ. ಪಕ್ಕದವನು ಆಕಾಶ ಹೊಡೆದಿದ್ದಾನೆ. ಪಹಣಿ ತೆಗೆಸಿದರೆ ಇಬ್ಬರೂ ಸಿಕ್ಕಿಬೀಳ್ತಾರೆ."

ಖರ್ದುಂಗ್ ಲಾ ತಲುಪಿದಾಗ ಅವರಿಗೆ ಇನ್ನೊಂದು ಆಘಾತ. ಬೋರ್ಡು ತಿದ್ದಿದ್ದಾರೆ! ಈಗ 17,982. ಮಾವ ಕೈಬೆರಳಲ್ಲೇ ಲೆಕ್ಕ ಹಾಕಿದರು. ಹಳೇ ಸುಳ್ಳಿಗೂ ನಿಜಕ್ಕೂ ಸರಿಯಾಗಿ ನಡುವೆ ಬರುತ್ತದೆ, ಒಂದಡಿ ಆಚೀಚೆ. ನಿಮ್ಮದೂ ಬೇಡ, ನಮ್ಮದೂ ಬೇಡ, ಮಧ್ಯಕ್ಕೆ ಮುಗಿಸೋಣ ಅಂತ ಪಂಚಾಯಿತಿ ಮಾಡಿದ ಹಾಗೆ. ಅಕ್ರಮ ಸಕ್ರಮ ಇಲ್ಲಿಗೂ ಬಂತಲ್ಲ ಅಂತ ಅವರಿಗೆ ಸಂತೋಷವೋ ಸಂಕಟವೋ ತಿಳಿಯಲಿಲ್ಲ.

ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೂ ಈ ಜಾಗ ಮುಟ್ಟುವುದಿಲ್ಲ. ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧದಷ್ಟು. ಇಪ್ಪತ್ತು, ಇಪ್ಪತ್ತೈದು ನಿಮಿಷಕ್ಕಿಂತ ಜಾಸ್ತಿ ಇರಬೇಡಿ ಅನ್ನುತ್ತಾರೆ. ಒಳ್ಳೆಯ ಮಾತು. ಆದರೆ ಬೋರ್ಡಿನ ಮುಂದೆ ಫೋಟೋ ಸಾಲು ನಲವತ್ತು ನಿಮಿಷದ್ದು. ಮುಂದೆ ಬೈಕಿನವರ ತಂಡ, ಒಬ್ಬೊಬ್ಬರದೂ ಪ್ರತ್ಯೇಕ ಪೋಸು, ಆಮೇಲೆ ಒಟ್ಟಿಗೆ, ಆಮೇಲೆ ಹೆಲ್ಮೆಟ್ ತೆಗೆದು. ಅವರ ಹಿಂದೆ ಹೊಸ ಜೋಡಿ. ಹುಡುಗಿ ಆ ಚಳಿಯಲ್ಲಿ ರೇಷ್ಮೆ ಸೀರೆ ಉಟ್ಟು ನಡುಗುತ್ತಿದ್ದಳು, ಹುಡುಗ "ಇನ್ನೊಂದ್ಸಲ ನಗು" ಅನ್ನುತ್ತಿದ್ದ. ಅತ್ತೆ ಕರ್ಪೂರ ಕಟ್ಟಿದ ಕರ್ಚೀಫು ಮೂಗಿಗೆ ಹಿಡಿದು ಕಾರಿನಲ್ಲೇ ಕೂತರು. ನಮ್ಮ ಚಿಕ್ಕವನ ಮುಖ ಹಸಿರಾಯಿತು. "ಅಮ್ಮಾ, ವಾಂತಿ" ಅಂದ. ನನ್ನ ಹೆಂಡತಿ ಹೇಳಿದ್ದು ಇಷ್ಟೇ: "ತಡ್ಕೊಳೋ, ಇನ್ನು ಮೂರೇ ಜನ."

ಆಮ್ಲಜನಕ ಕಡಿಮೆಯಾದರೆ ಬುದ್ಧಿ ಮಂಕಾಗುತ್ತದಂತೆ. ನಮಗೆ ಅದು ಬೆಂಗಳೂರು ಬಿಡುವಾಗಲೇ ಶುರುವಾಗಿತ್ತು ಅಂತ ಕಾಣುತ್ತದೆ.

ಫೋಟೋ ಕೊನೆಗೂ ಬಂತು. ಮಗ ಮಾತ್ರ ಅದರಲ್ಲಿ ಇಲ್ಲ, ಬೋರ್ಡಿನ ಹಿಂದೆ ಬಗ್ಗಿದ್ದ. ಸಿಗ್ನಲ್ ಸಿಕ್ಕ ಕೂಡಲೇ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಷಡ್ಡಕನ ಉತ್ತರ ಎರಡೇ ನಿಮಿಷದಲ್ಲಿ: "ಖರ್ದುಂಗ್ ಲಾಗೆ ಈಗ ಯಾರು ಹೋಗ್ತಾರೆ? ಉಮ್ಲಿಂಗ್ ಲಾ ಮಾಡ್ಲಿಲ್ವಾ?" ಅವನದ್ದೂ ನಿಜವೇ. 19,024 ಅಡಿಯ ಉಮ್ಲಿಂಗ್ ಲಾಗೆ 2021ರಲ್ಲೇ ಗಿನ್ನೆಸ್ ದಾಖಲೆ ಸಿಕ್ಕಿದೆ. ಎವರೆಸ್ಟ್ ಬೇಸ್ ಕ್ಯಾಂಪೇ ಅದಕ್ಕಿಂತ ಕೆಳಗೆ. ಪಾಪ, ಅವನಿಗೆ ಗೊತ್ತಿಲ್ಲ, 2025ರ ಅಕ್ಟೋಬರಿನಲ್ಲಿ ಗಡಿ ರಸ್ತೆ ಸಂಸ್ಥೆಯವರು ಮಿಗ್ ಲಾದಲ್ಲಿ 19,400 ಅಡಿಗೆ ರಸ್ತೆ ಮುಟ್ಟಿಸಿದ್ದಾರೆ. ಸೈನ್ಯಕ್ಕೆ ಬೇಕು ಅಂತ ಅವರು ಪ್ರಾಣ ಒತ್ತೆ ಇಟ್ಟು ರಸ್ತೆ ಮಾಡುತ್ತಾರೆ. ನಾವು ಅದರ ಮೇಲೆ ಡಿಪಿ ಬದಲಾಯಿಸುತ್ತೇವೆ.

ಮರುದಿನ ಲೇಹ್ ಪೇಟೆಯಲ್ಲಿ ಮಾವ ಒಂದು ಟೀ ಶರ್ಟು ಎತ್ತಿಕೊಂಡರು. ಎದೆ ತುಂಬಾ 18,380. ಬೆಲೆ ಮುನ್ನೂರೈವತ್ತು. ತಮಗೆ ಬಂದ ಹಿಂದಿಯಲ್ಲೇ ಅಂಗಡಿಯವನಿಗೆ ಕೇಳಿದರು: "ನೋಡಪ್ಪಾ, ಇದರಲ್ಲಿ 800 ಅಡಿ ಕಮ್ಮಿ ಇದೆ. ಅಷ್ಟಕ್ಕೆ ಎಷ್ಟು ಬಿಡ್ತೀಯ?"

ಅಂಗಡಿಯವನು ಒಂದು ಗಳಿಗೆ ಯೋಚಿಸಿದ. ಒಳಗೆ ಹೋಗಿ 19,024 ಅಂತ ಬರೆದ ಇನ್ನೊಂದು ತಂದು ಕೌಂಟರ್ ಮೇಲೆ ಹರವಿದ. ನಾನೂರು ಅಂದ.