ಅರವತ್ತಾರರಲ್ಲಿ ಹೋಗಿ ಅರವತ್ತೊಂಬತ್ತಕ್ಕೆ ತಿರುಗಿ

ಕಾರವಾರದ ಒಂದು ಕಚೇರಿಯ ಫೋನಿನ ಕಥೆ ಕೇಳಿ. ಸೋಮವಾರ ಹನ್ನೊಂದು ಗಂಟೆಗೆ, ಜೊಯಿಡಾದ ಅಜ್ಜಂದಿರು ಪಿಂಚಣಿ ವಿಚಾರಿಸಲು ಫೋನು ಹಚ್ಚುವ ಹೊತ್ತಿಗೇ, ಅರವತ್ತೂ ಇಂಟರ್‌ನೆಟ್ ಫೋನುಗಳಿಗೆ ಒಟ್ಟಿಗೆ ಫರ್ಮ್‌ವೇರ್ (ಫೋನಿನೊಳಗಿನ ತಂತ್ರಾಂಶ) ಅಪ್‌ಡೇಟ್ ಬಿಟ್ಟರು. ಅರ್ಧದಲ್ಲಿ ಕರೆಂಟು ಹೋಯಿತು, ಫೋನುಗಳ ಜೀವವೂ ಹೋಯಿತು. ಆಷಾಢದಲ್ಲಿ ಕಾರವಾರದಲ್ಲಿ ಕರೆಂಟು ಹೋದೀತೆಂದು ಯಾರಿಗಾದರೂ ಹೊಳೆಯುವುದುಂಟೇ ಮಾರಾಯ್ರೆ!

ಇದರ ಹೆಸರು ಕೇಂದ್ರೀಕೃತ ನಿರ್ವಹಣೆ: ಎಲ್ಲ ಫೋನನ್ನೂ ಒಂದೇ ಕಡೆಯಿಂದ ನಡೆಸುವುದು. ಏರ್ಪಾಡು ಚೆಂದದ್ದೇ. ಫೋನು ಕಣ್ಣು ಬಿಟ್ಟೊಡನೆ, ನೆಟ್‌ವರ್ಕಿನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಕೇಳುತ್ತದೆ: ನನ್ನ ವಿಳಾಸ ಯಾವುದು, ನನ್ನ ಸೆಟ್ಟಿಂಗಿನ ಫೈಲು ಎಲ್ಲಿದೆ? ಫೈಲಿನ ಸರ್ವರಿಗೆ ದಾರಿ ತೋರಿಸುವುದು ಅದರ ಉತ್ತರದಲ್ಲಿರುವ ಆಪ್ಷನ್ 66. ಫೈಲು ತರುವ ಸರಳ ವಿಧಾನವಾದ ಟಿಎಫ್‌ಟಿಪಿಯಾದರೆ ಅಲ್ಲಿಂದ ಪೋರ್ಟ್ 69, ಅಂದರೆ ಸರ್ವರಿನ 69ನೇ ಬಾಗಿಲು. ಹೆದ್ದಾರಿ 66ರಲ್ಲಿ ಹೋಗಿ 69ಕ್ಕೆ ತಿರುಗುವುದು ನಮಗೆ ಹೊಸತೇ? ಹೊನ್ನಾವರದಲ್ಲಿ ಸಾಗರದ ಬಸ್ಸು ದಿನಾ ಮಾಡುವುದು ಅದನ್ನೇ. ಗುಡ್ಡ ಜಾರಿದರೆ ಬಸ್ಸಾದರೂ ನಿಲ್ಲುತ್ತದೆ, ವಿಷಯ ಗೊತ್ತಾಗುತ್ತದೆ. ಇಲ್ಲಿ ಸರ್ವರ್ ಬದಲಿಸಿ ಆಪ್ಷನ್ 66ರಲ್ಲಿ ಹಳೇ ವಿಳಾಸ ಬಿಟ್ಟರೆ ಫೋನು ಹಳೇ ಸೆಟ್ಟಿಂಗಿನಲ್ಲೇ ತಿಂಗಳುಗಟ್ಟಲೆ ರಿಂಗಾಗುತ್ತ ಕೂರುತ್ತದೆ.

ಇನ್ನು ಹೆಸರು. ಪ್ರತಿ ಫೋನಿನ ಫೈಲಿಗೆ ಅದರ ಮ್ಯಾಕ್ ಅಡ್ರೆಸ್ಸೇ (ಯಂತ್ರದ ಗುರುತಿನ ಸಂಖ್ಯೆ) ಹೆಸರು, ಅಂಕಿ-ಅಕ್ಷರ ಸೇರಿ ಹನ್ನೆರಡು. ಅದನ್ನು ಸ್ಕ್ಯಾನ್ ಮಾಡದೆ, ಫೋನಿನ ಬೆನ್ನಿನ ಚೀಟಿ ನೋಡಿ ಪೆನ್ಸಿಲಿನಲ್ಲಿ ಬರೆದುಕೊಂಡರು. ಕೈಬರಹದಲ್ಲಿ ಇಂಗ್ಲಿಷಿನ 'ಬಿ'ಯೂ 8 ಅಂಕಿಯೂ ಅವಳಿಜವಳಿ. ಆವಕ ವಿಭಾಗದ ಫೋನಿಗೆ ಇಂದಿಗೂ ಫೈಲು ಸಿಕ್ಕಿಲ್ಲ.

ಒಂದೆರಡು ಫೋನಿಗೆ ಸಮಯದ ಸರ್ವರನ್ನೇ ಹೇಳಿಕೊಟ್ಟಿರಲಿಲ್ಲ. ಪರದೆಯ ಮೇಲೆ 1970ರ ಜನವರಿ 1, ಇಂಥ ಯಂತ್ರಗಳು ದಿನ ಎಣಿಸಲು ಶುರುಮಾಡುವ ತಾರೀಖು. ಸುರಕ್ಷಿತ ದಾರಿಯಾದ ಎಚ್‌ಟಿಟಿಪಿಎಸ್‌ನಲ್ಲಿ ಸರ್ವರ್ ತನ್ನ ಗುರುತಿನ ಪ್ರಮಾಣಪತ್ರ ತೋರಿಸಿದರೆ 'ಇದಿನ್ನೂ ಹುಟ್ಟೇ ಇಲ್ಲ' ಎಂದು ಬಾಗಿಲು ಹಾಕಿಕೊಂಡವು. ಪಾಪ, ಅವುಗಳ ತಪ್ಪಲ್ಲ. 1970ರಲ್ಲಿ ಕಾರವಾರ ಇದ್ದದ್ದು ಮೈಸೂರು ರಾಜ್ಯದಲ್ಲಿ. ಕರ್ನಾಟಕವೆಂಬ ಹೆಸರಿಗೇ ಇನ್ನೂ ಮೂರು ವರ್ಷ ಬೇಕಿತ್ತು.

ನಗು ಸಾಕು. ಅಪ್‌ಡೇಟನ್ನು ಮೊದಲು ಎರಡು ಫೋನಿಗೆ ಹಾಕಿ ಎರಡು ದಿನ ನೋಡಬೇಕಿತ್ತು: ರಿಂಗಾಗುತ್ತದೆಯೇ, ಕರೆ ವರ್ಗವಾಗುತ್ತದೆಯೇ, ಎರಡೂ ಕಡೆ ದನಿ ಕೇಳುತ್ತದೆಯೇ. ಆಮೇಲೆ ಹತ್ತತ್ತು, ಅದೂ ಕಚೇರಿ ಬಿಟ್ಟ ಮೇಲೆ. ಈ ಫೋನಿಗೆ ಕರೆಂಟು ಬರುವುದೇ ನೆಟ್‌ವರ್ಕ್ ಕೇಬಲ್ಲಿನಲ್ಲಿ, ಕೇಬಲ್ಲುಗಳೆಲ್ಲ ಸೇರುವ ಸ್ವಿಚ್ ಎಂಬ ಪೆಟ್ಟಿಗೆಯಿಂದ. ಅರವತ್ತು ಫೋನು ಕೊಂಡವರಿಗೆ ಆ ಸ್ವಿಚ್ಚಿಗೊಂದು ಯುಪಿಎಸ್ ಕೊಳ್ಳಲು ಆಗಲಿಲ್ಲ. ಹಳೇ ಕಪ್ಪು ಫೋನು ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯಲ್ಲಿ ಎಂಥ ಗಾಳಿಮಳೆಯಲ್ಲೂ ಡಯಲ್ ಟೋನ್ ಕೊಡುತ್ತಿತ್ತು. ಅದನ್ನು ಗುಜರಿಗೆ ಹಾಕಿದರು. ಎಲ್ಲ ಫೋನಿನ ಪಾಸ್‌ವರ್ಡನ್ನೂ ಟಿಎಫ್‌ಟಿಪಿಯಲ್ಲಿ ಬಟಾಬಯಲಾಗಿ ಇಟ್ಟರು. ಅಲ್ಲಿ ಲಾಗಿನ್ನೇ ಇಲ್ಲ, ಫೈಲಿನ ಹೆಸರು ಗೊತ್ತಿದ್ದವರೆಲ್ಲ ಎತ್ತಿಕೊಳ್ಳಬಹುದು. ಇದಕ್ಕೂ ಬಿಲ್ಲು ಪಾಸಾಗಿದೆ.

ಈಗ ಹುಡುಗನೊಬ್ಬ ಲ್ಯಾಪ್‌ಟಾಪ್ ಹಿಡಿದು ಮೇಜಿನಿಂದ ಮೇಜಿಗೆ ಹೋಗುತ್ತಿದ್ದಾನೆ. ಸ್ಪೀಕರ್ ಬಟನ್ ಒತ್ತಿ ಹಿಡಿದು, ಕೇಬಲ್ ಚುಚ್ಚಿ, ಒಂದೊಂದೇ ಫೋನಿಗೆ ಜೀವ ತುಂಬುತ್ತಿದ್ದಾನೆ. ಕೇಂದ್ರೀಕೃತವಾಗಿ.