ಪರೀಕ್ಷೆ ಈಗ ಒಂದಲ್ಲ, ಮನೆಯ ಲೆಕ್ಕ ಇನ್ನೂ ಒಂದೇ

ಊರು ಶಿರಸಿ ಹತ್ತಿರದ ಒಂದು ಹಳ್ಳಿ. ಇರುವುದು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ. ಮಗಳು ಇಲ್ಲಿ ಶಾಲೆಯ ಕೊನೆಯ ವರ್ಷದಲ್ಲಿದ್ದಾಳೆ. ಊರಲ್ಲಿ ಅಕ್ಕನ ಮಗ ಸೆಕೆಂಡ್ ಪಿಯುಸಿ, ಸೈನ್ಸು. ಇಬ್ಬರೂ ಓದುವವರೇ. ಲೆಕ್ಕದಲ್ಲಂತೂ ಅವನದೇ ಒಂದು ಕೈ ಮೇಲು. ಆದರೆ ಡಿಸೆಂಬರಿನಿಂದ ಅವನಿಗೆ ಊಟ ಸರಿಯಾಗಿ ಸೇರುತ್ತಿಲ್ಲ, ರಾತ್ರಿ ನಿದ್ದೆ ಇಲ್ಲ. ಫೋನಿಗೆ ಬಂದರೆ ಹೂಂ, ಹಾಂ ಅಷ್ಟೇ. ಮಗಳಿಗೂ ಟೆನ್ಶನ್ ಇದೆ, ಆದರೆ ಅವಳು ಊಟ ಬಿಟ್ಟಿಲ್ಲ.

ಈ ವ್ಯತ್ಯಾಸ ಎಲ್ಲಿಂದ ಬಂತು ಅಂತ ತುಂಬಾ ಯೋಚನೆ ಮಾಡಿದ್ದೇನೆ. ಸಿಲೆಬಸ್ ಎರಡೂ ಕಡೆ ಕಷ್ಟವೇ. ನಮ್ಮ ಹುಡುಗನನ್ನು ಹೆದರಿಸಿರುವುದು ಬೇರೆ ಎರಡು ಸಂಗತಿ. ಇರುವುದು ಒಂದೇ ಅವಕಾಶ ಅನ್ನುವ ಮಾತು ಒಂದು. ಬಂದ ಮಾರ್ಕ್ಸು ಊರಿಗೆಲ್ಲ ಗೊತ್ತಾಗುತ್ತದೆ ಅನ್ನುವ ಭಯ ಇನ್ನೊಂದು.

ಇಲ್ಲಿ ಕೊನೆಯ ಪರೀಕ್ಷೆಗೆ ಅಬಿಟೂರ್ ಅನ್ನುತ್ತಾರೆ. ಒಟ್ಟು 900 ಅಂಕ. ಅದರಲ್ಲಿ 600 ಕೊನೆಯ ಎರಡು ವರ್ಷ ಕ್ಲಾಸಿನಲ್ಲಿ ಮಾಡಿದ ಕೆಲಸಕ್ಕೆ. ಟೆಸ್ಟು ಸೇರುತ್ತದೆ, ಬರೆದ ಪ್ರಬಂಧ ಸೇರುತ್ತದೆ, ಕೈ ಎತ್ತಿ ಮಾತಾಡಿದ್ದೂ ಸೇರುತ್ತದೆ. ಕೊನೆಯ ಪರೀಕ್ಷೆಗೆ ಉಳಿಯುವುದು 300. ಅಂದರೆ ಪರೀಕ್ಷೆ ಹಾಲಿಗೆ ಕಾಲಿಡುವ ಹೊತ್ತಿಗೆ ಮೂರರಲ್ಲಿ ಎರಡು ಪಾಲು ಲೆಕ್ಕ ಮುಗಿದಿರುತ್ತದೆ. ಅವತ್ತು ತಲೆನೋವು ಬಂದರೆ ಜೀವನ ಮುಳುಗುವುದಿಲ್ಲ. ಫೇಲಾದರೆ ಇನ್ನೊಂದು ಸಲ ಬರೆಯಬಹುದು.

ನಮ್ಮಲ್ಲಿ ಪಿಯುಸಿಯ 600 ಅಂಕದಲ್ಲಿ ಪ್ರಾಕ್ಟಿಕಲ್ಲು, ಇಂಟರ್ನಲ್ಲು ಬಿಟ್ಟರೆ ಉಳಿದದ್ದೆಲ್ಲ ಎರಡು ಮೂರು ವಾರದಲ್ಲಿ ತೀರ್ಮಾನ. ಅದರ ಹಿಂದೆಯೇ ಸಿಇಟಿ. ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಸಿಇಟಿ ಅಂಕ, ಅರ್ಧ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ. ಡಾಕ್ಟರಾಗಬೇಕು ಅನ್ನುವವರಿಗೆ ನೀಟ್, ಅದು ವರ್ಷಕ್ಕೆ ಒಂದೇ ಸಲ. ಜರ್ಮನಿಯ ಮಕ್ಕಳಿಗೆ ಎರಡು ವರ್ಷ ಜಿಟಿಜಿಟಿ ಮಳೆ, ನಮ್ಮ ಮಕ್ಕಳಿಗೆ ಒಂದೇ ರಾತ್ರಿಯ ನೆರೆ.

ಹಾಗಂತ ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. 2024ರಿಂದ ಎಸ್ಸೆಸ್ಸೆಲ್ಸಿಗೂ ಸೆಕೆಂಡ್ ಪಿಯುಸಿಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದಿದೆ. ಸಪ್ಲಿಮೆಂಟರಿ ಅನ್ನುವ ಹೆಸರೇ ಹೋಯಿತು. ಪಾಸಾದವರೂ ಅಂಕ ಜಾಸ್ತಿ ಮಾಡಿಕೊಳ್ಳಲು ಮತ್ತೆ ಬರೆಯಬಹುದು, ಯಾವುದು ಹೆಚ್ಚೋ ಅದೇ ಉಳಿಯುತ್ತದೆ. ಇದು ಸಣ್ಣ ಬದಲಾವಣೆ ಅಲ್ಲ. ಆದರೆ ಮನೆಗಳಿಗೆ ಇದು ಇನ್ನೂ ತಲುಪಿಲ್ಲ. ಎರಡನೇ ಪರೀಕ್ಷೆಯ ಬಗ್ಗೆ ಹುಡುಗನಿಗೆ ಹೇಳಿದ್ದೀಯಾ ಅಂತ ಅಕ್ಕನನ್ನು ಕೇಳಿದರೆ, "ಅದೆಲ್ಲ ಫೇಲಾದೋರಿಗೆ ತಮಾ, ಸುಮ್ನೆ ಅವನ ತಲೆಗೆ ಹಾಕಬೇಡ, ಆಮೇಲೆ ಓದೋದೇ ಬಿಡ್ತಾನೆ" ಅಂದಳು. ಅಕ್ಕನೊಬ್ಬಳ ಮಾತಲ್ಲ ಇದು. ನನಗೆ ಗೊತ್ತಿರುವ ಎಷ್ಟೋ ಮನೆಗಳಲ್ಲಿ ಹೀಗೇ. ಭಯ ಇದ್ದರೆ ಮಾತ್ರ ಮಕ್ಕಳು ಓದುತ್ತಾರೆ ಅಂತ ನಾವು ನಂಬಿಕೊಂಡು ಬಿಟ್ಟಿದ್ದೇವೆ. ನನ್ನ ಕಣ್ಣಮುಂದೆ ಇರುವುದು ಬೇರೆ. ಇಲ್ಲಿ ಇನ್ನೊಂದು ಅವಕಾಶ ಇದೆ ಅಂತ ಗೊತ್ತಿದ್ದೂ ಮಗಳು ಕೂತು ಓದುತ್ತಾಳೆ.

ಇನ್ನು ಮಾರ್ಕ್ಸಿನ ವಿಷಯ. ಹೋದ ಮೇ ತಿಂಗಳಲ್ಲಿ ಊರಿನ ಒಂದು ಉಪನಯನಕ್ಕೆ ಹೋಗಿದ್ದೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಆಗಷ್ಟೇ ಬಂದಿತ್ತು. ಒಬ್ಬ ಹುಡುಗ ಪಂಕ್ತಿಯಲ್ಲಿ ತಂಬುಳಿ ಬಡಿಸುತ್ತಿದ್ದ. ಎಲೆಯಿಂದ ಎಲೆಗೆ ಬಗ್ಗುತ್ತಾ ಬರುತ್ತಿದ್ದ ಅವನನ್ನು ಒಬ್ಬರಾದ ಮೇಲೆ ಒಬ್ಬರು ಕೇಳಿದರು, "ಎಷ್ಟು ಬಂತು ಮಾಣಿ?" ಮೊದಮೊದಲು ಅಂಕ ಹೇಳಿದ. ಆಮೇಲೆ "ಪಾಸು" ಅಂದ. ಸಾಲಿನ ಅರ್ಧ ದಾಟುವ ಹೊತ್ತಿಗೆ ಸೌಟು ಇನ್ನೊಬ್ಬನ ಕೈಗೆ ಕೊಟ್ಟು ಅಡುಗೆಮನೆ ಹಿಂದೆ ಹೋದ. ಕೇಳಿದವರಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲ ಚಿಕ್ಕಪ್ಪ, ದೊಡ್ಡಪ್ಪ, ಮಾವಂದಿರು, ಪ್ರೀತಿಯಿಂದಲೇ ಕೇಳಿದ್ದು. ಆದರೆ ಮದುವೆ, ಉಪನಯನದ ಸೀಸನ್ನೂ ರಿಸಲ್ಟಿನ ಸೀಸನ್ನೂ ನಮ್ಮಲ್ಲಿ ಒಂದೇ. ಆ ಎರಡು ತಿಂಗಳು ಮಕ್ಕಳು ಎಲ್ಲಿಗೆ ಹೋದರೂ ಇದೇ ಪ್ರಶ್ನೆ.

ಪೇಟೆಗೆ ಬಂದರೆ ಫ್ಲೆಕ್ಸು. 625ಕ್ಕೆ ಇಷ್ಟು ಅಂತ ಪಾಸ್‌ಪೋರ್ಟ್ ಫೋಟೋ ಹಾಕಿ ಸಾಲಾಗಿ ಕಟ್ಟಿರುತ್ತಾರೆ. ನಮ್ಮ ಜಿಲ್ಲೆಯಲ್ಲಿ ಕಾರವಾರ, ಶಿರಸಿ ಅಂತ ಎರಡು ಶೈಕ್ಷಣಿಕ ಜಿಲ್ಲೆ ಬೇರೆ. ರಿಸಲ್ಟ್ ದಿನ ಯಾವುದು ಎಷ್ಟನೇ ಸ್ಥಾನ ಅಂತ ಪೇಪರಿನಲ್ಲಿ ಬರುತ್ತದೆ. ಅಲ್ಲಿಂದ ಹೆಡ್‌ಮಾಸ್ಟರಿಗೆ, ಅವರಿಂದ ಟೀಚರಿಗೆ, ಕೊನೆಗೆ ಹದಿನೈದು ವರ್ಷದ ಹುಡುಗಿಯ ಹೆಗಲಿಗೆ ಆ ಭಾರ ಬರುತ್ತದೆ. ಇಲ್ಲಿ ಪಕ್ಕದ ಮನೆ ಹುಡುಗನಿಗೆ ಎಷ್ಟು ಬಂತು ಅಂತ ನನಗೆ ಗೊತ್ತಿಲ್ಲ, ಕೇಳುವ ಪದ್ಧತಿಯೂ ಇಲ್ಲ. ಮೊದಲು ಇದು ನನಗೆ ಬಿಗುಮಾನ ಅನಿಸುತ್ತಿತ್ತು. ಈಗ ಮಕ್ಕಳಿಗೆ ಇದರಿಂದ ಎಷ್ಟು ಹಗುರ ಅಂತ ಕಾಣುತ್ತಿದೆ.

ಜರ್ಮನಿಯ ಎಲ್ಲವೂ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಇಲ್ಲಿ ನಾಲ್ಕನೇ ಕ್ಲಾಸು ಮುಗಿಯುವಾಗಲೇ, ಹತ್ತು ವರ್ಷದ ಮಗು ಯಾವ ಥರದ ಶಾಲೆಗೆ ಹೋಗಬೇಕು ಅಂತ ವಿಂಗಡಿಸುತ್ತಾರೆ. ಅದು ನನಗೆ ಈಗಲೂ ಒಪ್ಪಿಗೆ ಇಲ್ಲ. ಮೆಡಿಕಲ್ ಬೇಕು ಅನ್ನುವವರ ಒದ್ದಾಟ ಇಲ್ಲೂ ಕಡಿಮೆ ಏನಿಲ್ಲ. ಕೋಣೆ ಬಾಗಿಲು ಹಾಕಿಕೊಂಡು ಒಂಟಿಯಾಗಿ ಕೊರಗುವ ಮಕ್ಕಳೂ ಇದ್ದಾರೆ. ನಮ್ಮೂರಲ್ಲಿ ಬೆಳಗಿನ ಜಾವ ಫೋನ್ ಮಾಡಿ ಮಕ್ಕಳನ್ನು ಓದಲು ಎಬ್ಬಿಸುವ ಮೇಷ್ಟ್ರುಗಳಿದ್ದಾರೆ, ಮನೆ ಮನೆಗೆ ಹೋಗಿ ನೋಡಿ ಬರುವವರಿದ್ದಾರೆ. ಅಷ್ಟು ಅಕ್ಕರೆ ಇಲ್ಲಿ ಸಿಗುವುದಿಲ್ಲ. ಆದರೆ ಆ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ತಾಸು ನಿದ್ದೆ ಬೇಕು. ಹನ್ನೆರಡಕ್ಕೆ ಮಲಗಿದ ಮಗುವನ್ನು ನಾಲ್ಕೂವರೆಗೆ ಎಬ್ಬಿಸಿದರೆ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ವಸ್ತಿ ಬಸ್ಸು ಹಿಡಿದು ಪೇಟೆ ಕಾಲೇಜಿಗೆ ಹೋಗುವ ಹಳ್ಳಿ ಮಕ್ಕಳಿಗೆ ಮೊದಲೇ ಬೆಳಿಗ್ಗೆ ಬೇಗ ಆಗುತ್ತದೆ. ಫೋನ್ ಮಾಡುವುದೇ ಆದರೆ ರಾತ್ರಿ ಹತ್ತಕ್ಕೆ ಮಾಡಿ, ಪುಸ್ತಕ ಮುಚ್ಚಿ ಮಲಗು ಅನ್ನಿ.

ಕೊನೆಯ ವರ್ಷ ಅಂದ ಕೂಡಲೇ ನಾವು ಮಕ್ಕಳಿಂದ ಎಲ್ಲವನ್ನೂ ಕಿತ್ತುಕೊಳ್ಳುತ್ತೇವೆ. ಕ್ರಿಕೆಟ್ ಇಲ್ಲ, ಯಕ್ಷಗಾನದ ಆಟ ನೋಡಲು ಹೋಗುವ ಹಾಗಿಲ್ಲ, ರಾತ್ರಿ ಎಲ್ಲರೂ ಕೂತು ಅಡಿಕೆ ಸುಲಿಯುವಾಗ ಆ ಹರಟೆಗೂ ಬರುವ ಹಾಗಿಲ್ಲ. ಇಡೀ ಮನೆ ಜಗಲಿಯಲ್ಲಿ ನಗುತ್ತಿದ್ದರೆ ಅವನೊಬ್ಬನೇ ಮೆತ್ತಿನ ಮೇಲೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ಪರೀಕ್ಷೆ ಹತ್ತಿರವೇ ಬೀಳುತ್ತದೆ. 2024ರಲ್ಲಿ ಎರಡೂ ಮಾರ್ಚಿನಲ್ಲೇ ಬಂದವು. ಜಾತ್ರೆ ನಡೆಯುವ ಬಿಡಕಿ ಬಯಲಿಗೆ ಒಂದು ಸಂಜೆ ಹೋಗಿ, ದೊಡ್ಡಮ್ಮ ದೇವಿಗೆ ಕೈ ಮುಗಿದು, ತೊಟ್ಟಿಲು ಹತ್ತಿ ಬಂದರೆ ಎಷ್ಟು ಮಾರ್ಕ್ಸು ಹೋದೀತು? ಮಗಳು ಪರೀಕ್ಷೆ ವರ್ಷದಲ್ಲೂ ವಾರಕ್ಕೆ ಎರಡು ಸಲ ಹ್ಯಾಂಡ್‌ಬಾಲ್ ಆಡಲು ಹೋಗುತ್ತಾಳೆ. ಬಂದ ಮೇಲೆ ಓದುವ ಒಂದು ತಾಸು, ಮೊದಲಿನ ಮೂರು ತಾಸಿಗಿಂತ ಚೆನ್ನಾಗಿರುತ್ತದೆ ಅಂತ ಅವಳೇ ಹೇಳುತ್ತಾಳೆ.

ಇಲ್ಲಿನ ಇನ್ನೊಂದು ಪದ್ಧತಿ ನಮ್ಮ ಶಾಲೆಗಳಿಗೆ ಖರ್ಚಿಲ್ಲದೆ ಬರಬಹುದು. ವಿದ್ಯಾರ್ಥಿಗಳ ಪ್ರತಿನಿಧಿಗಳು ಸೇರಿ ಒಬ್ಬ ಮೇಷ್ಟ್ರನ್ನೋ ಟೀಚರನ್ನೋ ಆರಿಸುತ್ತಾರೆ. ಮನಸ್ಸಿಗೆ ಕಷ್ಟ ಆದರೆ ಯಾರು ಬೇಕಾದರೂ ಅವರ ಹತ್ತಿರ ಹೋಗಿ ಹೇಳಬಹುದು. ಮಕ್ಕಳೇ ಆರಿಸಿದವರು ಅನ್ನುವುದೇ ಮುಖ್ಯ. ಯಾರಿಗೆ ಹೇಳಿದರೆ ಮಾತು ಸ್ಟಾಫ್ ರೂಮಿಗೆ ಹೋಗುವುದಿಲ್ಲ ಅಂತ ಮಕ್ಕಳಿಗೆ ಚೆನ್ನಾಗಿ ಗೊತ್ತಿರುತ್ತದೆ, ಅಲ್ವಾ?

ಊಟ, ನಿದ್ದೆ ಬಿಟ್ಟ ಮಗು, "ನಾನಿದ್ದು ಏನು ಪ್ರಯೋಜನ" ಅನ್ನುವ ಮಗು ಮನೆಯಲ್ಲಿದ್ದರೆ ಪರೀಕ್ಷೆ ಮುಗಿಯಲಿ ಅಂತ ದಯವಿಟ್ಟು ಕಾಯಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ 2022ರಿಂದ ಇದೆ, ನಂಬರ್ 14416. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಪರೀಕ್ಷೆ ವೇಳಾಪಟ್ಟಿ ಅಂಟಿಸುವ ಗೋಡೆಯಲ್ಲೇ ಈ ನಂಬರ್ ಬರೆಸಿ. ಜನವರಿಯ ಪಾಲಕರ ಸಭೆಯಲ್ಲಿ ಎರಡನೇ ಪರೀಕ್ಷೆಯ ವಿಷಯವನ್ನು ಟೀಚರುಗಳೇ ಬಿಡಿಸಿ ಹೇಳಲಿ.

ಅಕ್ಕನ ಹತ್ತಿರ ನಾನು ಕೇಳಿಕೊಂಡದ್ದು ಎರಡೇ. ರಿಸಲ್ಟನ್ನು ಅವನೇ ಮೊದಲು ನೋಡಲಿ, ಯಾರಿಗೆ ಹೇಳಬೇಕು ಅನ್ನುವುದನ್ನೂ ಅವನೇ ನೋಡಿಕೊಳ್ಳಲಿ. ಬೇಕು ಅಂದರೆ ಎರಡನೇ ಪರೀಕ್ಷೆಗೆ ಫಾರ್ಮ್ ತುಂಬಿಸು, ಅದನ್ನು ಈಗಲೇ ಅವನಿಗೆ ಹೇಳಿಬಿಡು. ಎರಡನೆಯದಕ್ಕೆ ಅಕ್ಕ ಒಪ್ಪಿದ್ದಾಳೆ. ಮೊದಲನೆಯದಕ್ಕೆ, ನೆಂಟರು ಫೋನ್ ಮಾಡಿದರೆ ಏನು ಹೇಳಲಿ ಅಂತ ಇನ್ನೂ ಕೇಳುತ್ತಿದ್ದಾಳೆ.